ಸಂಜೆಗೆ ಬಿಚ್ಚಿಹೋಗುತ್ತಿದ್ದ ಬುಟ್ಟಿ

ಊರಿನವರು ಅವನನ್ನು ಗೈಡು ಎನ್ನುತ್ತಿದ್ದರು. ಅವನಿಗೆ ಅದು ಸಾಲದು. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯಲ್ಲಿ ‘ಪರಂಪರೆ ಮಾರ್ಗದರ್ಶಿ’ ಎಂದಿತ್ತು; ಕೊಟ್ಟವರು ಯಾರೂ ಇಲ್ಲ, ತಾನೇ ಕೆತ್ತಿಸಿಕೊಂಡದ್ದು. ಅಂಗಿ ಒಗೆಯಲು ಹಾಕುವಾಗ ಹೆಂಡತಿ ಅದನ್ನು ತೆಗೆಯಲು ಮರೆತರೆ ಮನೆಯಲ್ಲಿ ಅರ್ಧ ದಿನ ಮಾತು ಬಂದ್. ಅವನಿಗೆ ಎರಡು ದನಿಗಳಿದ್ದವು. ಒಂದು ಗಂಟಲಿನದು, ಬಚ್ಚಲಿನಿಂದ ಟವೆಲ್ಲು ಕೇಳುವುದಕ್ಕೆ. ಇನ್ನೊಂದು ಹೊಟ್ಟೆಯೊಳಗಿಂದ ಏಳುವಂಥದ್ದು, ಪ್ರವಾಸಿಗರಿಗೆ. ಆ ದನಿಯಲ್ಲಿ ಅವನು “ಹೆಜ್ಜೆ ನೋಡಿಕೊಂಡು ಇಡಿ, ಜಾರುತ್ತದೆ” ಎಂದರೂ ಜನ ಅದೇನೋ ಸಾವಿರ ವರ್ಷದ ಹಿಂದಿನ ಸಂಗತಿ ಎಂದುಕೊಂಡು ಆ ಕಲ್ಲಿನ ಫೋಟೋ ತೆಗೆಯುತ್ತಿದ್ದರು.

ಜನ ಬರುತ್ತಿದ್ದುದು ಊರಾಚೆಯ ಜಲಪಾತಕ್ಕೆ. ಜಲಪಾತಕ್ಕೆ ಗೈಡು ಬೇಕಿರಲಿಲ್ಲ, ಅದು ತಾನಾಗಿಯೇ ಬೀಳುತ್ತಿತ್ತು. ಹಾಗಾಗಿ ಅವನು ಬಸ್ಸನ್ನು ದಾರಿಯಲ್ಲಿ ಹಿರಿಯರ ಹಗಲುಮನೆಯ ಮುಂದೆ ನಿಲ್ಲಿಸುವ ಏರ್ಪಾಡು ಮಾಡಿಕೊಂಡಿದ್ದ. ಮುಚ್ಚಿಹೋದ ಶಾಲೆಯ ಕಟ್ಟಡ ಅದು. ಬೆಳಿಗ್ಗೆ ಊರಿನ ವಯಸ್ಸಾದವರನ್ನೆಲ್ಲ ವ್ಯಾನು ತಂದು ಇಳಿಸುತ್ತಿತ್ತು, ಸಂಜೆ ಅವರವರ ಮನೆಗೆ ಮುಟ್ಟಿಸುತ್ತಿತ್ತು. ನಡುವೆ ಊಟ, ಮಾತ್ರೆ, ಕಿಟಕಿ ತೆಗೆಯಬೇಕೋ ಮುಚ್ಚಬೇಕೋ ಎಂಬ ಜಗಳ, ನಿದ್ದೆ. ಅಲ್ಲಿಯ ಕರಿಹಲಗೆಯ ಕೆಳಗೆ, ಬೆಳಕು ಬೀಳುವ ಜಾಗದಲ್ಲಿ ಕೂತು ಅವನ ಸೋದರತ್ತೆ ಬುಟ್ಟಿ ಹೆಣೆಯುತ್ತಿದ್ದಳು.

ಅವರದು ಗುಡ್ಡದ ಕಾಡಿನಿಂದ ಇಳಿದುಬಂದ ಜನ. ಬಳ್ಳಿಯನ್ನು ಉದ್ದಕ್ಕೆ ಸೀಳಿ, ಆ ಸೀಳನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿಹಿಡಿದು, ನೀರು ಸೋರದಷ್ಟು ಬಿಗಿಯಾಗಿ ಹೆಣೆಯುವುದು ಅವರ ಕಸುಬು. ಈಗ ಅದು ಬರುತ್ತಿದ್ದುದು ಅತ್ತೆ ಒಬ್ಬಳಿಗೇ. ಅವನಿಗೆ ಬರುತ್ತಿದ್ದುದು ಅದರ ಬಗ್ಗೆ ಮಾತಾಡುವುದು. ತಾಯಿ ಇಲ್ಲದ ಅವನನ್ನು ಅಂಥದೇ ಬುಟ್ಟಿಯಲ್ಲಿ ಕೂರಿಸಿ ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಅತ್ತೆ. ಅದನ್ನೂ ಅವನು ಪ್ರವಾಸಿಗರಿಗೆ ಹೇಳುತ್ತಿದ್ದ. ಚೆನ್ನಾಗಿ ನಡೆಯುತ್ತಿತ್ತು.

ಒಮ್ಮೆ ಬಸ್ಸು ಬಂದಾಗ ಬುಟ್ಟಿ ಮುಗಿದಿತ್ತು, ಅತ್ತೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ಜನ ಬುಟ್ಟಿಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ “ಇಷ್ಟೇನಾ?” ಎಂದು ಹೊರಟುಬಿಟ್ಟರು. ಹೊಸ ಬುಟ್ಟಿಯ ತಳ ಹಾಕುವುದೇ ದಿನಗಟ್ಟಲೆಯ ಕೆಲಸ, ಅದು ನೋಡಲು ಚಾಪೆಯ ಚೂರಿನಂತೆ ಇರುತ್ತದೆ. ಬಂದವರಿಗೆ ಬೇಕಾದದ್ದು ಅರ್ಧವಾದ ಬುಟ್ಟಿ, ಅದೂ ಯಾವಾಗಲೂ ಅರ್ಧವೇ ಆಗಿರುವ ಬುಟ್ಟಿ. ಅಂದಿನಿಂದ ಅವನು ಸಂಜೆ ವ್ಯಾನು ಹೊರಟ ಮೇಲೆ ಹಗಲುಮನೆಗೆ ಬಂದು, ಅತ್ತೆ ಆ ದಿನ ಹೆಣೆದದ್ದನ್ನು ಬಿಚ್ಚತೊಡಗಿದ. ಬಿಚ್ಚಿದ ಸೀಳುಗಳನ್ನು ಬಕೆಟ್ಟಿನಲ್ಲಿ ನೆನೆಹಾಕಿ, ನೆಟ್ಟಗಾಗಲೆಂದು ಮೇಲೆ ಕಲ್ಲು ಹೇರಿಡುತ್ತಿದ್ದ. ಯಾರಾದರೂ ಕೇಳಿದರೆ ‘ಪ್ರದರ್ಶನದ ಪೂರ್ವಸಿದ್ಧತೆ’ ಎಂಬ ಉತ್ತರ ತಯಾರಿತ್ತು. ಯಾರೂ ಕೇಳಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿಗಿಂತ ಮುಂಚೆ ಅವನು ಬಂದಾಗ ಅತ್ತೆ ಚೀಲದಿಂದ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನ ಮನೆಗೆ ಅಂಟಿಕೊಂಡ ಒಂದು ಕೋಣೆಯ ಮನೆ ಅವಳದು.

“ಇದ್ಯಾಕೆ ನನಗೆ?”

“ಇಟ್ಕೋ. ಇನ್ನು ಬೀಗ ಹಾಕೋದು ತೆಗೆಯೋದು ನೀನೇ. ಸೋಮವಾರ ನಾನು ಪೇಟೆಗೆ ಹೋಗ್ತೀನಿ. ಮರೆವಿನವರನ್ನ ಇಟ್ಕೊಳ್ತಾರಲ್ಲ, ಅಲ್ಲಿಗೆ. ಇಲ್ಲಿಯ ಆಯಾಗೆ ಹೇಳಿ ಎಲ್ಲಾ ಗೊತ್ತು ಮಾಡಿಸಿದ್ದೀನಿ.”

ಅವನಿಗೆ ನಗು ಬಂತು. “ನಿನಗೆಲ್ಲಿಯ ಮರೆವು? ಯಾವ ಕಾಲದಲ್ಲೋ ನಾನು ನಿನ್ನ ಟಾರ್ಚು ಕಳೆದೆ ಅಂತ ಇನ್ನೂ ಅಂದು ಆಡ್ತೀಯ.”

“ಟಾರ್ಚು ನಂದು, ಅದು ನೆನಪಿರುತ್ತೆ. ಮಾಡಿದ ಕೆಲಸ ನೆನಪಿರಲ್ಲ. ನಿನ್ನೆ ಈ ಬುಟ್ಟೀನ ಕತ್ತಿನ ತನಕ ತಂದೆ ಅನ್ಸುತ್ತೆ. ಬಂದು ನೋಡಿದ್ರೆ ಹೊಟ್ಟೇಲೇ ನಿಂತಿದೆ. ಮೊನ್ನೆನೂ ಹಂಗೇ. ಹೆಣೆದೇ ಇರಲ್ಲ, ಹೆಣೆದೆ ಅಂದ್ಕೊಂಡಿರ್ತೀನಿ. ಅಕ್ಕಂಗೂ ಹಿಂಗೇ ಶುರುವಾಗಿದ್ದು.”

ಅಕ್ಕ ಎಂದರೆ ಅವನ ದೊಡ್ಡತ್ತೆ. ಕೊನೆಗಾಲದಲ್ಲಿ ಹೆತ್ತ ಮಗನನ್ನೇ ಬಾಗಿಲಲ್ಲಿ ನಿಲ್ಲಿಸಿ “ಯಾರಪ್ಪ ನೀನು, ಯಾರು ಬೇಕಿತ್ತು?” ಎಂದು ಕೇಳುತ್ತಿದ್ದವಳು. ಈ ಅತ್ತೆಗೆ ಜಗತ್ತಿನಲ್ಲಿದ್ದ ಹೆದರಿಕೆ ಅದೊಂದೇ.

“ಒಲೆ ಹಚ್ಚೋದು ಬಿಟ್ಟಿದ್ದೀನಿ,” ಎಂದಳು ಅವಳು. “ನನ್ನ ಮನೆ ಹೊತ್ಕೊಂಡ್ರೆ ನಿಂದೂ ಹೊತ್ಕೊಳ್ಳುತ್ತೆ. ಇಲ್ಲಿ ಎಲ್ಲರಿಗೂ ನಾನೇ ಹೇಳಿಬಿಟ್ಟಿದ್ದೀನಿ, ನನ್ನ ತಲೆ ಹೋಯ್ತು ಅಂತ. ಹಿಂದೆ ಆಡ್ಕೊಳೋ ಕಷ್ಟ ಯಾಕೆ ಅವರಿಗೆ.”

ಗೈಡಿನ ನಗು ಮುಖದ ಮೇಲೇ ಒಣಗಿತು. ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಹಾರ್ನ್ ಮಾಡಿತು. ಇಷ್ಟು ವರ್ಷದಲ್ಲಿ ಆ ಹಾರ್ನು ಅವನಿಗೆ ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ.

ಆ ಸಂಜೆ ಅವನು ಬುಟ್ಟಿಯನ್ನು ಮುಟ್ಟಲಿಲ್ಲ. ಮನೆಗೆ ಹೋಗುವಾಗ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡ. ನಾಳೆ ಅತ್ತೆ ಬಂದು ನೋಡುತ್ತಾಳೆ, ಹೆಣೆದದ್ದು ಹೆಣೆದ ಹಾಗೇ ಇರುತ್ತದೆ, ತಲೆ ಸರಿ ಇದೆ ಎಂದು ಖುಷಿಯಾಗುತ್ತಾಳೆ, ಪೇಟೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಯಾರೂ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಹೆಂಡತಿಗೆ ಏನೂ ಹೇಳದೆ ಎರಡನೇ ಸಲ ಅನ್ನ ಹಾಕಿಸಿಕೊಂಡ.

ಮರುದಿನ ಅತ್ತೆ ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಆಯಾಳನ್ನು ಕರೆದಳು.

“ಇದನ್ನ ಯಾರೇ ಹೆಣೆದಿದ್ದು?”

“ನೀವೇ ಅಜ್ಜಿ, ಇನ್ಯಾರು? ನನಗೆ ಸೊಪ್ಪಿನ ಕಟ್ಟು ಬಿಗಿಯೋಕೂ ಬರಲ್ಲ.”

“ನಾನು ಹೆಣೆದೆ ಅಂದ್ಕೊಂಡಿದ್ದು ಬೆಳಗಾಗೋತನಕ ಇರಲ್ಲ ಕಣೇ. ಇದು ಇದೆ ಅಂದ್ರೆ ನಂದಲ್ಲ.” ಅವಳು ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು, ಯಾರದೋ ಮಗುವನ್ನು ಇಳಿಸುವವಳ ಹಾಗೆ. “ನನ್ನ ಕೈಕೆಲಸದ ಗುರುತೂ ಹೋಯ್ತು ನೋಡು. ಸೋಮವಾರ ಯಾಕೆ, ಇವತ್ತೇ ಕಳಿಸಿಬಿಡು.”

ಬಾಗಿಲಲ್ಲಿ ನಿಂತಿದ್ದ ಅವನ ಬೆನ್ನಿಗೇ ಪ್ರವಾಸಿಗರ ಗುಂಪು ಒಳಗೆ ಬಂತು. ಎಲ್ಲರೂ ಅವನ ಮುಖ ನೋಡಿದರು. ಗಂಟಲಿನ ದನಿ ಬತ್ತಿಹೋಗಿತ್ತು. ಅಭ್ಯಾಸಬಲದಿಂದ ಹೊಟ್ಟೆಯ ದನಿ ಎದ್ದಿತು.

“ಇದು ನಮ್ಮ ಜನರ ಬುಟ್ಟಿ,” ಎಂದು ಅವನು ಶುರುಮಾಡಿದ. “ಈ ತಾಯಿ ದಿನವೂ ಇದನ್ನು ಹೆಣೆಯುತ್ತಾರೆ. ದಿನವೂ ಸಂಜೆ ಇವರ ಸೋದರಳಿಯ ಬಂದು ಬಿಚ್ಚುತ್ತಾನೆ. ನೀವು ಬಂದಾಗ ಅರ್ಧವಾಗಿರಲಿ ಎಂದು. ಇವರಿಗೆ ಹೇಳಿಲ್ಲ. ತಮಗೆ ಮರೆವು ಬಂದಿದೆ ಎಂದು ಇವರು ತಿಳಿದಿದ್ದಾರೆ. ಇವರಿಗೆ ಮರೆವು ಬಂದಿಲ್ಲ.”

ಟೋಪಿ ಹಾಕಿದ್ದ ಹೆಂಗಸೊಬ್ಬರು ಕುತೂಹಲದಿಂದ ಮುಂದೆ ಬಾಗಿದರು. “ಇದು ನಿಮ್ಮಲ್ಲಿ ಬಹಳ ಹಳೆಯ ಪದ್ಧತಿಯಾ?”

“ಅಲ್ಲ ಮೇಡಂ,” ಎಂದ. “ನಂದೇ.”

ಅತ್ತೆ ಅವನ ಕಡೆ ನೋಡಲಿಲ್ಲ. ಬುಟ್ಟಿಯನ್ನು ಮತ್ತೆ ಎತ್ತಿಕೊಂಡು ಒಂದು ಸೀಳಿನ ಮೇಲೆ ಹೆಬ್ಬೆರಳು ಓಡಿಸಿದಳು.

“ಅದಕ್ಕೇ,” ಎಂದಳು. “ಹೊಸ ಸೀಳಿಗೆ ಹಳೇ ಮಡಿಕೆ ಎಲ್ಲಿಂದ ಬಂತು ಅಂತ ಎಷ್ಟು ಸಲ ನೋಡಿದೆ. ಕಣ್ಣೂ ಹೋಯ್ತು ಅಂದ್ಕೊಂಡೆ.” ಆಮೇಲೆ ಕೈ ಚಾಚಿದಳು. “ಬೀಗದ ಕೈ.”

ಕೊಟ್ಟ. ನೆಲ ಬಾಯಿಬಿಟ್ಟಿದ್ದರೆ ಬಿಲ್ಲೆ ಸಮೇತ ಒಳಗಿಳಿಯುತ್ತಿದ್ದ.

“ಅತ್ತೆ, ನಾನು ಏನಂದ್ರೆ...”

“ನನಗೆ ಬೇಡ. ನನ್ನ ತಲೆ ಹೋಯ್ತು ಅಂತ ಇಲ್ಲಿ ಒಬ್ಬೊಬ್ಬರ ಹತ್ರ ಹೋಗಿ ಹೇಳಿದ್ದೀನಿ ನಾನು. ಈಗ ನೀನು ಮಾಡಿದ್ದನ್ನ ನೀನು ಹೇಳಿಕೊಂಡು ಬಾ. ಒಬ್ಬೊಬ್ಬರಿಗೂ. ಹಿಂಗೆ ಗುಂಪಿಗೆ ಅಲ್ಲ. ‘ಸೋದರಳಿಯ’ ಅಂತನೂ ಅಲ್ಲ.”

ಅವನು ಹೊರಟ. ಅವನು ಹೋದಲ್ಲಿಗೆ ಹೋಗುವುದೇ ರೂಢಿಯಾಗಿದ್ದರಿಂದ ಪ್ರವಾಸಿಗರೂ ಹಿಂದೆಯೇ ಹೊರಟರು, ಕೆಲವರು ಫೋನು ಎತ್ತಿಹಿಡಿದುಕೊಂಡು. ಮೊದಲ ಕುರ್ಚಿಯ ಅಜ್ಜಿ ಪೂರ್ತಿ ಕೇಳಿಸಿಕೊಂಡು, ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಎರಡನೆಯವಳು “ಪಾಪ, ಸೌದೆ ಒಲೆಯ ಬಿಸಿ ಅನ್ನ ಅಂದ್ರೆ ಪ್ರಾಣ ಅವಳಿಗೆ” ಎಂದಳು, ಅಷ್ಟೇ. ಮೂರನೆಯವನು ನಿದ್ದೆಯಲ್ಲಿದ್ದ, ಇವನು ಮೆಲ್ಲಗೆ ದಾಟಿಹೋಗಲು ನೋಡಿದಾಗ ಕರಿಹಲಗೆಯ ಕೆಳಗಿನಿಂದ ದನಿ ಬಂತು: “ಎಬ್ಬಿಸು.” ಎಬ್ಬಿಸಿದ. ಹೇಳಿದ. ಕಣ್ಣುಜ್ಜಿಕೊಂಡ ಆ ಮುದುಕ “ಇದಕ್ಕೆ ಎಬ್ಬಿಸಿದೆಯಾ, ನಾಚಿಕೆಗೆಟ್ಟವನೇ” ಎಂದ. ಬಿಚ್ಚಿದ್ದಕ್ಕೆ ಅಂದನೋ, ಎಬ್ಬಿಸಿದ್ದಕ್ಕೆ ಅಂದನೋ, ಬಿಡಿಸಿ ಕೇಳುವ ಸ್ಥಿತಿಯಲ್ಲಿ ಗೈಡು ಇರಲಿಲ್ಲ.

ಕೊನೆಗೆ ಬಡಗಿ ತಾತ. ಗರಗಸದ ಸದ್ದಿನಲ್ಲೇ ಆಯುಷ್ಯ ಕಳೆದು ಕಿವಿ ಮಂದವಾದವನು. ಕಿವಿಗೆ ಅಂಗೈ ಒಡ್ಡಿ ಕೇಳಿಸಿಕೊಂಡ.

“ಯಾರು ಬಿಚ್ಚಿದ್ದು?”

“ನಾನು, ತಾತ.”

“ಯಾರು?”

“ನಾನೇ. ನಾನು.”

ತಾತ ಅವನ ಮುಖ ಬಿಟ್ಟು ಬಿಲ್ಲೆಯನ್ನು ನೋಡಿದ. “ಕೇಳಿಸ್ತಿಲ್ಲಪ್ಪ. ದಿನಾ ಇವರಿಗೆಲ್ಲ ಹೇಳ್ತೀಯಲ್ಲ, ಹಂಗೆ ಹೇಳು. ಹೊಟ್ಟೆಯಿಂದ.”

ಬೆನ್ನ ಹಿಂದೆ ಅತ್ತೆ ಸೀಳನ್ನು ನೀರಿನಲ್ಲಿ ಅದ್ದಿ ಬುಟ್ಟಿಯ ಬಾಯಿ ಕಟ್ಟತೊಡಗಿದ ಸದ್ದು ಕೇಳುತ್ತಿತ್ತು. ಮುಗಿಸುವ ಕೆಲಸ ಅದು. ಗೈಡು ಉಸಿರೆಳೆದು ಎದೆ ಸೆಟೆಸಿ ಬಾಯಿ ತೆರೆದ. ಬಂದದ್ದು ಟವೆಲ್ಲು ಕೇಳುವ ದನಿ. ತಾತ ಅಂಗೈಯನ್ನು ಕಿವಿಯ ಹಿಂದಿನಿಂದ ತೆಗೆಯಲಿಲ್ಲ. ಅವನು ಮತ್ತೆ ಹೇಳಿದ.