ಉಜ್ಜಿ ಬೆಳಗಿದ ಪಂಚು

ಸಿಂದಗಿಯ ನಮ್ಮ ಶೆಡ್ಡಿನಲ್ಲಿ ಜೋಳ ತುಂಬುವ ತಗಡಿನ ಡಬ್ಬಿ ಮಾಡುತ್ತೇವೆ. ತಗಡು ಸೇರಿಸಲು ವೆಲ್ಡಿಂಗೂ ಇಲ್ಲ, ರಿವಿಟ್ಟೂ ಇಲ್ಲ. ಪ್ರೆಸ್ ಯಂತ್ರದ ಬೆರಳು ದಪ್ಪದ ಉಕ್ಕಿನ ಪಂಚು ಮೇಲಿನಿಂದ ಒತ್ತಿದರೆ ಎರಡೂ ತಗಡು ಒಂದೇ ಗುಳಿಯಾಗಿ ಇಳಿದು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಪಂಚಿಗೆ ಬಂಗಾರದ ಬಣ್ಣದ ತೆಳು ಲೇಪ ಇರುತ್ತದೆ, ತಗಡಿನ ಸತುವು ಕಚ್ಚಿ ಪಂಚು ತಗಡಿನಲ್ಲೇ ಸಿಕ್ಕಿಕೊಳ್ಳದಿರಲಿ ಎಂದು. ಇದು ನನಗೆ ತಿಳಿದದ್ದು ಆಮೇಲೆ.

ಪ್ರೆಸ್ಸಿಗೆ ಕೂರುತ್ತಿದ್ದವರು ಹಿರಿಯ ಮಿಸ್ತ್ರಿ, ಎಲ್ಲರಿಗೂ ಕಾಕಾ. ಮಹಾನವಮಿಯ ಹಿಂದಿನ ದಿನ ಅವರು ಹೇಳಿದರು: "ಹತ್ಯಾರ ಎಲ್ಲಾ ತಿಕ್ಕಿ ಬೆಳಗ್ರಿ. ಹೊಲಸ ಹತ್ಯಾರಕ್ಕ ಪೂಜಿ ಮಾಡಿದ್ರ ಏನ್ ಬಂತು?"

ನನ್ನ ಪಾಲಿಗೆ ಪಂಚು ಬಂತು. ತುದಿಗೆ ಬೂದು ಸತುವು ಮೆತ್ತಿತ್ತು. ಅತ್ತೆಯ ಮನೆಯ ತಾಮ್ರದ ಕೊಡಗಳನ್ನೆಲ್ಲ ಬೆಳಗಿದ ಕೈ ನನ್ನದು. ಅರೆಬರೆ ಕೆಲಸ ಕಂಡರೆ ಮೈ ಉರಿಯುತ್ತದೆ. ಒರಟು ಎಮರಿ ಪೇಪರ್ ಹಿಡಿದು ಉಜ್ಜುತ್ತ ಕೂತೆ. ಸತುವು ಹೋಯಿತು. ಬಂಗಾರದ ಬಣ್ಣವನ್ನು ಹಳೇ ಎಣ್ಣೆಯ ಕರೆ ಎಂದುಕೊಂಡು ಅದನ್ನೂ ಬಿಡಲಿಲ್ಲ. ವಿಭೂತಿ, ಕುಂಕುಮ ಹಚ್ಚಿ ಎಲ್ಲರೂ ಕೈಮುಗಿದೆವು.

ಹಬ್ಬದ ಮರುದಿನದಿಂದ ಪಂಚು ತಗಡನ್ನು ಬಿಡಲೊಲ್ಲದು. ಕಿತ್ತರೆ ಗುಳಿಯೇ ಹರಿಯುತ್ತಿತ್ತು. ಕೆಟ್ಟ ಡಬ್ಬಿಗಳು ಮೂಲೆ ತುಂಬಿದವು.

"ಕಾಕಾಗ ವಯಸ್ಸಾತು, ಕೈ ನಡಗಾಕತ್ತಾವ," ಎಂದು ಮಾಲಕರು ಅವರನ್ನು ತಗಡು ಒರೆಸಲು ಕೂರಿಸಿದರು. ಪ್ರೆಸ್ಸಿಗೆ ನನ್ನನ್ನು ಹಚ್ಚಿ, ಹೊಸ ಕೈಗೆ ಹೊಸದಿರಲಿ ಎಂದು ಹೊಸ ಪಂಚು ಕೊಟ್ಟರು. ಕಾಗದ ಬಿಚ್ಚಿದೆ. ಬಂಗಾರದ ಬಣ್ಣ. ನಾನು ಕರೆ ಎಂದು ಉಜ್ಜಿ ತೆಗೆದದ್ದು ಇದೇ.

ಅಂದು ನನ್ನ ಗುಳಿಗಳೆಲ್ಲ ಗಟ್ಟಿಯಾಗಿ ಬಂದವು. ಮಾಲಕರು, "ಕೈ ಅಂದ್ರ ಹಿಂಗಿರಬೇಕು ನೋಡ್ರಿ," ಎಂದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಧ್ಯಾಹ್ನ ರೊಟ್ಟಿ ಬಿಚ್ಚುವಾಗ ಕಾಕಾಗೆ ಹೇಳಿದೆ: "ಪಂಚು ತಿಕ್ಕಿ ಕೆಡಿಸಿದಾಕಿ ನಾನರಿ."

"ಗೊತ್ತೈತಿ ತಂಗಿ. ತಿಕ್ಕ್ರಿ ಅಂದಾಂವ ನಾನ."

"ಮತ್ತ ಮಾಲಕರಿಗೆ ಯಾಕ ಹೇಳಲಿಲ್ರಿ?"

"ಹೇಳಿದ್ರ ನಿನ್ನ ಮನಿಗೆ ಕಳಸ್ತಿದ್ರು. ನನ್ನ ಒರಸಾಕ ಹಚ್ಯಾರ, ಅಷ್ಟ." ಚಟ್ನಿ ನನ್ನ ಕಡೆಗೆ ಸರಿಸಿದರು.

ರೊಟ್ಟಿ ಮತ್ತೆ ಕಟ್ಟಿಟ್ಟೆ. ಎದ್ದು ಹೋಗಿ ಮಾಲಕರಿಗೆ ಎಲ್ಲ ಹೇಳಿದೆ. ಬೈಗುಳ ಸಂಜೆಯವರೆಗೆ ನಡೆಯಿತು, ಆದರೆ ಮನೆಗೆ ಕಳಿಸಲಿಲ್ಲ.

ಈಗ ತಗಡು ಒರೆಸುವವಳು ನಾನು. ಚೆನ್ನಾಗಿಯೇ ಒರೆಸುತ್ತೇನೆ. ಪ್ರೆಸ್ಸಿಗೆ ಕಾಕಾ ಕೂರುತ್ತಾರೆ. ಮಹಾನವಮಿ ಹತ್ತಿರ ಬಂದರೆ ಅವರು ಮೊದಲು ಪಂಚನ್ನು ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಾರೆ, ಆಮೇಲೆ ನನ್ನ ಕೈಗೆ ಎಮರಿ ಪೇಪರ್ ಕೊಡುತ್ತಾರೆ.