ಹಜರಾಬೀ ಬಿಟ್ಟ ಗಂಟು

ದೋರನಹಳ್ಳಿಯ ಹಜರಾಬೀ ಗಂಟು ಹಾಕುವುದನ್ನು ಬಿಟ್ಟು ಹನ್ನೊಂದು ವರ್ಷ. ಜೋಳದ ಚೀಲದ ಬಾಯಿಗೆ ಜಾಲಿಮುಳ್ಳು ಚುಚ್ಚುತ್ತಾಳೆ. ಕಟ್ಟಿಗೆಯನ್ನು ಹೊರೆ ಕಟ್ಟದೆ ತೆಕ್ಕೆಯಲ್ಲೇ ಅವಚಿಕೊಂಡು ತರುತ್ತಾಳೆ.

ಕಾಲುವೆ ಅಗೆಯುವಾಗ ಅವಳ ಬಳಿ ಒಂದು ಕೆಂಪು ತಟ್ಟು ಇತ್ತು, ಮಣ್ಣು ಹೊರುವ ಗಿಡ್ಡ ಹೆಣ್ಣುಗುದುರೆ. ಅದರ ಹಿಂದೆಯೇ ಓಡಾಡುವ ಮೂರು ತಿಂಗಳ ಮರಿ. ಮಣ್ಣು ಹೊರುವ ಸಾಲಿಗೆ ಮರಿ ಅಡ್ಡ ಬರುತ್ತದೆಂದು ಕೂಲಿಗಳ ಮೇಸ್ತ್ರಿ ಮುಕಾದಮ ಗದರಿದ.

"ಏ ಹಜರಾ, ಅದನ್ನ ಕೆನಾಲದಾಗ ಕಟ್ಟು. ತೆಳಗ ನೆರಳದ."

ಅಗೆದು ಮುಗಿದ ಕಡೆ ಇಳಿದಳು. ಕಬ್ಬಿಣದ ಗೂಟ ಬಡಿದು, ನೈಲಾನ್ ಹಗ್ಗದಲ್ಲಿ ಮರಿಯನ್ನು ಅದಕ್ಕೆ ಕಟ್ಟಿ ಅಪ್ಪ ಕಲಿಸಿದ ಗಂಟು ಹಾಕಿದಳು. ಎಳೆದಷ್ಟೂ ಬಿಗಿಯುವ ಗಂಟು. ಮಧ್ಯಾಹ್ನ ಕಾಲುವೆಯ ಅಧಿಕಾರಿಗಳು ಹೇಳದೆ ಕೇಳದೆ ಪರೀಕ್ಷೆಗೆಂದು ನೀರು ಬಿಟ್ಟರು. ಓಡಿಬಂದಾಗ ಕೆಂಪು ನೀರಿನೊಳಗೆ ಹಗ್ಗ ಸೆಟೆದು ನಿಂತಿತ್ತು. ಹಗ್ಗ ಕೊಯ್ದು ಮರಿಯ ಹೆಣ ಎತ್ತಿದರು.

ಮೂರನೇ ದಿನ ಮುಕಾದಮ ಇಂಗ್ಲಿಷ್ ಕಾಗದ ತಂದ. ಹೆಬ್ಬೆಟ್ಟು ಒತ್ತಿದರಷ್ಟೇ ತಟ್ಟುವಿಗೆ ಕೆಲಸ. ಸಾಲಿಮಾಸ್ತರ ಬಸವಂತ್ರಾಯರು ಓದಿ ಹೇಳಿದರು.

"ಒಂದು ಪೋನಿ ತಾನಾಗೇ ಅಡ್ಡಾಡಕೋತ ಬಂದು ಕೆನಾಲದಾಗ ಬಿದ್ದು ಸತ್ತದ ಅಂತ ಬರದಾರ."

"ಪೋನಿ ಅಂದ್ರ ಏನ್ರಿ?"

"ಗಿಡ್ಡ ಕುದುರಿ, ನಮ್ಮ ತಟ್ಟು ಇದ್ದಂಗ. ಇಂಗ್ಲೀಷರು ಆ ಮಾತು ಸ್ಕಾಟ್ಲೆಂಡದವ್ರ ಕಡಿಂದ ತಗೊಂಡ್ರು, ಅವ್ರು ಫ್ರಾನ್ಸದವ್ರ ಕಡಿಂದ. ಎಲ್ಲಾಕ್ಕಿಂತ ಹಿಂದ ಲ್ಯಾಟಿನ್‌ದಾಗ ಅದರ ಬೇರಿಗೆ ಎಳೀ ಮರಿ ಅಂತ ಅರ್ಥ."

ಹಜರಾಬೀ ಪಕ್ಕಕ್ಕೆ ಉಗುಳಿದಳು.

"ಮರಿ ಅಂತ ಹೆಸರಿಟ್ಟು ಮಣ್ಣು ಹೊರಸ್ತಾರೇನ್ರಿ ಮಾಸ್ತರ?"

"ಪುರಾಣ ಸಾಕು. ಒತ್ತು," ಎಂದ ಮುಕಾದಮ.

"ಕಟ್ಟಿದ್ದು ಬರೀರಿ ಮೊದ್ಲ. ಕಟ್ಟು ಅಂದಾವ ನೀನು, ಕಟ್ಟಿದಾಕಿ ನಾನು. ಎರಡೂ ಬರೀರಿ."

ಮಾಸ್ತರರು ದನಿ ತಗ್ಗಿಸಿದರು. "ಗಂಟು ಸಡ್ಲ ಆಗಿತ್ತು ಅನ್ಕೋ, ಹಜರಾಬೀ. ಯಾರ್ ನೋಡ್ಯಾರ? ಹೊಟ್ಟಿಪಾಡು ನಡೀಬೇಕಲ್ಲ."

"ನಾ ನೋಡೀನ್ರಿ. ನನ್ನ ಗಂಟು ಸಡ್ಲ ಆಗಂಗಿಲ್ಲ."

ಹೆಬ್ಬೆಟ್ಟು ಬೀಳಲಿಲ್ಲ, ಕೆಲಸ ಹೋಯಿತು. ಹೊಟ್ಟೆಪಾಡಿಗೆ ಹೊಲದ ಕೂಲಿಗೆ ಇಳಿದಳು.

ತಟ್ಟುವಿಗೆ ಮತ್ತೆ ಹಗ್ಗ ಹಾಕಲಿಲ್ಲ. ಎಲ್ಲಿಗಾದರೂ ಹೋಗಲೆಂದು ಬಿಟ್ಟಳು. ಅದು ಎಲ್ಲಿಗೂ ಹೋಗಲಿಲ್ಲ. ಮೊದಲ ವಾರವೆಲ್ಲ ಕಾಲುವೆ ದಂಡೆಯಲ್ಲಿ ನಿಂತು ಕೂಗಿತು, ಕೆಚ್ಚಲಿನಿಂದ ಹಾಲು ಮಣ್ಣಿಗೆ ಸೋರಿತು. ಈಗ ಮುದಿಯಾಗಿದೆ, ಕೂಗುವುದಿಲ್ಲ. ಬೆಳಗಾದರೆ ಅದೇ ಜಾಗದಲ್ಲಿ ನಿಂತು ನೀರಿನ ಕಡೆ ಕಿವಿ ನಿಮಿರಿಸುತ್ತದೆ.

ಪ್ರತಿ ಬೇಸಿಗೆ ನೀರು ನಿಂತಾಗ ಹಜರಾಬೀ ಕಾಲುವೆಗಿಳಿದು ಹೂಳು ಕೆದರುತ್ತಾಳೆ. ಗೂಟ ಅಲ್ಲೇ ಇದೆ, ಕೊಯ್ದ ಹಗ್ಗದ ತುಂಡೂ ಇದೆ. ಉಗುರಿನಿಂದ, ಆಮೇಲೆ ಉಳಿದ ನಾಲ್ಕು ಹಲ್ಲುಗಳಿಂದ ಗಂಟು ಬಿಚ್ಚಲು ನೋಡುತ್ತಾಳೆ. ಮೇಲೆ ತಟ್ಟು ಕಾಯುತ್ತ ನಿಂತಿರುತ್ತದೆ.

ಗಂಟು ಇನ್ನೂ ಬಿಚ್ಚಿಲ್ಲ.