ಗಾಜಿನ ಮೇಲೆ ಗೌರವ್ವನ ಹೆಸರು

ಕಣ್ಣಾರೆ ಕಂಡೆ ಎಂದು ಯಾರಾದರೂ ವಿಚಿತ್ರ ಸಂಗತಿ ಹೇಳತೊಡಗಿದರೆ ನಾನು ಮಾತು ಬದಲಿಸುತ್ತಿದ್ದೆ. ಸಿಂಧನೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು ನಾನು. ಎಲ್ಲಕ್ಕೂ ಒಂದು ಕಾರಣ ಇದ್ದೇ ಇರುತ್ತದೆಂದು ಈಗಲೂ ನಂಬುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಇದೊಂದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ.

ಲಿಂಗಸುಗೂರಿನಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಖಾಜಾ, ನೂರೈವತ್ತು ವರ್ಷ ಹಿಂದಿನ ಪದ್ಧತಿಯಲ್ಲಿ ಗಾಜಿನ ಮೇಲೆ ಭಾವಚಿತ್ರ ತೆಗೆಯುವುದನ್ನು ತಾನೇ ಕಲಿತಿದ್ದ. ಅವನ ಕೈ ನೋಡುವುದೇ ಒಂದು ಸುಖ. ಅಂಟು ದ್ರಾವಣವನ್ನು ಗಾಜಿನ ನಡುವೆ ಸುರಿದು, ನಾಲ್ಕೂ ಮೂಲೆಗೆ ಹರಿಯುವಂತೆ ವಾಲಿಸಿ, ಮಿಕ್ಕದ್ದನ್ನು ಹನಿ ಚೆಲ್ಲದೆ ಸೀಸೆಗೆ ಇಳಿಸುತ್ತಿದ್ದ. ಬೆಳ್ಳಿ ಲವಣದ ನೀರಿನಲ್ಲಿ ಅದ್ದಿದ ಆ ಗಾಜು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕು. ಕುಳಿತವರು ಅಲುಗಬಾರದು. ಹಾಗೆ ಮೂಡಿದ ಮುಖಗಳಲ್ಲಿ ಸುಕ್ಕುಗಳಿಗೂ ಒಂದು ಗಾಂಭೀರ್ಯ ಇರುತ್ತಿತ್ತು.

ಮಸ್ಕಿಯ ನಮ್ಮ ದೊಡ್ಡವ್ವನನ್ನು ಒಂದು ಮಧ್ಯಾಹ್ನ ಅವನಲ್ಲಿಗೆ ಕರೆದೊಯ್ದೆ. ಆಕೆಯ ಮುಂಗೈ ತುಂಬ ನೀಲಿಗಟ್ಟಿದ ಹಚ್ಚೆ: ಬಳ್ಳಿ, ಚೇಳು, ನಡುವೆ ಚಿಕ್ಕವಳಿದ್ದಾಗಲೇ ತೀರಿಕೊಂಡ ತಂಗಿ ಗೌರವ್ವನ ಹೆಸರು. ಎಲ್ಲವೂ ಒಂದೇ ದಿನ, ಒಂದೇ ಬಣ್ಣದಲ್ಲಿ ಹಾಕಿಸಿಕೊಂಡದ್ದು. ಆ ತಂಗಿಯ ಫೋಟೋ ಒಂದೂ ಇಲ್ಲ.

“ಅವ್ವಾ, ಹಚ್ಚಿ ಬರಂಗಿಲ್ರೀ,” ಎಂದ ಖಾಜಾ. “ಈ ಗಾಜಿಗೆ ನೀಲಿ ಬಣ್ಣ ಬೆಳ್ಳಗ ಕಾಣತೈತಿ.”

“ಗೌರವ್ವನ ಹೆಸರೂ ಬರಂಗಿಲ್ಲೇನು?” ದೊಡ್ಡವ್ವನ ಮುಖ ಬಾಡಿತು.

“ಅದರ ಮ್ಯಾಲ ಚೂರು ಕಾಡಿಗಿ ಹಚ್ಚಿದ್ರ ಬರತೈತ್ರಿ.”

“ನನ್ನ ತಂಗಿ ಮ್ಯಾಲ ಮಸಿ ಬಳೀತಿಯೇನಪಾ? ಬ್ಯಾಡ. ನಾ ಸುಮ್ನ ಕುಂದರ್ತೀನಿ, ನೀ ತಗಿ.”

ಕುಳಿತಳು. ಉಸಿರೂ ಅಲುಗಲಿಲ್ಲ. ಕತ್ತಲ ಕೋಣೆಯ ಕೆಂಪು ಬೆಳಕಿನಲ್ಲಿ ಗಾಜು ತೊಳೆಯುತ್ತಿದ್ದ ಖಾಜಾನ ಪಕ್ಕದಲ್ಲೇ ನಿಂತಿದ್ದೆ. ಹಾಲಿನಂಥ ಪೊರೆ ಕರಗುತ್ತ ಮುಖ ಎದ್ದಿತು, ಆಮೇಲೆ ಕೈ. ಬಳ್ಳಿ ಇಲ್ಲ, ಚೇಳಿಲ್ಲ. ನುಣುಪಾದ ಚರ್ಮದ ಮೇಲೆ, ಕನ್ನಡಿಯೊಳಗಿನಂತೆ ತಿರುವುಮುರುವಾಗಿ, ಗೌರವ್ವನ ಹೆಸರೊಂದೇ ಕಪ್ಪಗೆ ಇತ್ತು.

ಅದೇ ದ್ರಾವಣ, ಅದೇ ಬೆಳಕಿನಲ್ಲಿ ಇನ್ನೊಂದು ಗಾಜು ತೆಗೆದೆವು. ಈ ಸಲ ಮುಂಗೈ ಪೂರ್ತಿ ಖಾಲಿ.

ದೊಡ್ಡವ್ವನಿಗೆ ಆಶ್ಚರ್ಯವೇ ಆಗಲಿಲ್ಲ. “ಅಕಿ ಮೊದಲಿಂದ್ಲೂ ಹಂಗ,” ಎಂದು ನಕ್ಕಳು. “ಇನ್ನೊಮ್ಮಿ ಬಾ ಅಂದ್ರ ಬರಾಕಿ ಅಲ್ಲ.”

ಮೊದಲನೆಯ ಗಾಜನ್ನು ಸೆರಗಿನಲ್ಲಿ ಸುತ್ತಿಕೊಂಡು ಮಸ್ಕಿಯ ಬಸ್ಸು ಹತ್ತಿದಳು. ಎರಡನೆಯದು ನನ್ನ ಮೇಜಿನ ಮೇಲಿದೆ. ಅದು ಹೇಗೆ ಬಂತೆಂದು ಮಕ್ಕಳಿಗೆ ಚೆನ್ನಾಗಿ ವಿವರಿಸಬಲ್ಲೆ. ಮೊದಲನೆಯದರ ಬಗ್ಗೆ ಕೇಳಿದರೆ, ಮಸ್ಕಿಗೆ ಹೋಗಿ ದೊಡ್ಡವ್ವನನ್ನೇ ಕೇಳಿ ಎನ್ನುತ್ತೇನೆ.